ಬಾಗಿಲು ಒಳಕ್ಕೋ, ಹೊರಕ್ಕೋ?

ಕನ್ನಡದ ಸಾಹಿತ್ಯ ವಿಮರ್ಶೆ ಕಟ್ಟಡ ಕಟ್ಟುವವರಿಂದ ಸಾಕಷ್ಟು ಮಾತುಗಳನ್ನು ಸಾಲ ತಂದಿದೆ. ಕಾದಂಬರಿಗೆ ಶಿಲ್ಪವಿದೆ, ಕವಿತೆಗೆ ಬಂಧವಿದೆ, ಕಥೆಗೆ ಚೌಕಟ್ಟಿದೆ, ವಾದಕ್ಕೆ ಬುನಾದಿಯಿದೆ. ಇಂಥ ಕಥೆಯ ಕಟ್ಟೋಣ ಸಡಿಲವಾಗಿದೆ ಎಂದು ಒಬ್ಬರು ಬರೆದರೆ ಓದುವ ಇನ್ನೊಬ್ಬರಿಗೆ ಥಟ್ಟನೆ ಅರ್ಥವಾಗುತ್ತದೆ. ಆದರೆ ನಿಜವಾದ ಕಟ್ಟಡವೊಂದರ ಎದುರು ನಿಂತಾಗ ಇದೇ ಭಾಷೆ ತೊದಲತೊಡಗುತ್ತದೆ. ಭವ್ಯವಾಗಿದೆ, ಗಾಳಿ ಬೆಳಕು ಚೆನ್ನಾಗಿದೆ, ವಾಸ್ತು ಸರಿಯಿಲ್ಲವಂತೆ. ಇಷ್ಟರಲ್ಲಿ ನಮ್ಮ ಕಟ್ಟಡ ವಿಮರ್ಶೆ ಮುಗಿಯುತ್ತದೆ. 1956ರಲ್ಲಿ ಮುಗಿದ ವಿಧಾನಸೌಧದ ಬಗ್ಗೆ ನಾನು ಓದಿರುವುದರಲ್ಲಿ ಬಹುಪಾಲು ಕೆಂಗಲ್ ಹನುಮಂತಯ್ಯನವರ ಛಲದ ಬಗ್ಗೆ, ಆಗಿನ ರಾಜಕಾರಣದ ಬಗ್ಗೆ. ಅದರ ಎದುರಿನ ಆ ಭಾರಿ ಮೆಟ್ಟಿಲುಗಳನ್ನು ಯಾರು ಯಾವಾಗ ಹತ್ತುತ್ತಾರೆ, ಅರ್ಜಿ ಹಿಡಿದು ಬಂದವರು ಯಾವ ಬಾಗಿಲಿನಿಂದ ಒಳಗೆ ಹೋಗುತ್ತಾರೆ ಎಂದು ಕೇಳಿದ ಬರಹ ನನ್ನ ಕಣ್ಣಿಗೆ ಬಿದ್ದಿಲ್ಲ.

ಐದು ವರ್ಷ ಆರ್ಕಿಟೆಕ್ಚರ್ ಓದಿ, ಬೆಂಗಳೂರಿನ ಒಂದು ಸಣ್ಣ ಆಫೀಸಿನಲ್ಲಿ ಈಗ ಒಂದು ವರ್ಷ ಕೆಲಸ ಮಾಡಿದ್ದೇನೆ. ನನ್ನ ಮೊದಲ ವಿಸಿಟಿಂಗ್ ಕಾರ್ಡಿನಲ್ಲಿ 'ಆರ್ಕಿಟೆಕ್ಚರಲ್ ಡಿಸೈನರ್' ಎಂದಿತ್ತು. 1972ರ ಕಾಯ್ದೆಯ ಪ್ರಕಾರ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿಕೊಳ್ಳುವವರೆಗೆ 'ಆರ್ಕಿಟೆಕ್ಟ್' ಎಂದು ಹೇಳಿಕೊಳ್ಳುವ ಹಾಗಿಲ್ಲ. (ಕವಿಗಳಿಗೂ ಇಂಥದೊಂದು ಕಾಯ್ದೆ ಇದ್ದಿದ್ದರೆ ಎಂದು ಗೆಳೆಯನೊಬ್ಬ ಹೇಳಿದ.) ಈ ವರ್ಷ ಕಲಿತದ್ದೇನು ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ, ಓದುವುದನ್ನು ಕಲಿತೆ ಎಂದು. ನಕ್ಷೆ ಓದುವುದನ್ನು ಮಾತ್ರವಲ್ಲ. ಕಾಲೇಜಿನಲ್ಲಿ ಮೆಚ್ಚಿ ಓದಿದ್ದ ಕೆಲವು ಪುಸ್ತಕಗಳು, ಮೆಚ್ಚಿ ನೋಡಿದ್ದ ಒಂದು ಕಟ್ಟಡ, ಕನ್ನಡದ ಒಂದು ಕಾದಂಬರಿ ಈ ವರ್ಷದಲ್ಲಿ ನನಗೆ ಬೇರೆಯಾಗಿ ಕಂಡವು. ಅದನ್ನೇ ಇಲ್ಲಿ ಹೇಳಬೇಕೆಂದಿದ್ದೇನೆ.

ಹೊಸಬರಿಗೆ ಆಫೀಸಿನಲ್ಲಿ ಮನೆ ಕೊಡುವುದಿಲ್ಲ, ಬಚ್ಚಲು ಕೊಡುತ್ತಾರೆ. ಟಾಯ್ಲೆಟ್ ಡೀಟೇಲ್, ಮೆಟ್ಟಿಲ ಡೀಟೇಲ್, ಆಮೇಲೆ ಬಾಗಿಲು-ಕಿಟಕಿಗಳ ಪಟ್ಟಿ. ನೆಲ ಎಷ್ಟು ಇಳಿಯಬೇಕು, ನೀರು ನಹಾನಿ ಟ್ರ್ಯಾಪಿನ ಕಡೆಗೆ ಹರಿಯಲು ಇಳಿಜಾರು ಎಷ್ಟಿರಬೇಕು, ನಲ್ಲಿ ಎಷ್ಟೆತ್ತರದಲ್ಲಿ ಬರಬೇಕು, ಟೈಲ್ಸ್ ಯಾವ ಮೂಲೆಯಿಂದ ಶುರುವಾದರೆ ತುಂಡು ಕಡಿಮೆಯಾಗುತ್ತದೆ. ಕಾಲೇಜಿನಲ್ಲಿ 'ಅವಕಾಶ', 'ಬೆಳಕು', 'ಸ್ಮೃತಿ' ಎಂದು ಮಾತಾಡಿ ಬಂದವರಿಗೆ ಇದು ಸಪ್ಪೆ ಕೆಲಸ. ನನಗೆ ಮಾತ್ರ ಅದರಲ್ಲಿ ಬಾಗಿಲುಗಳ ಪಟ್ಟಿ ಓದುವ ಚಟ ಹಿಡಿಯಿತು.

ಬಾಗಿಲುಗಳ ಪಟ್ಟಿ ಎಂದರೆ ಒಂದು ಕೋಷ್ಟಕ. ಡಿ1, ಡಿ2, ಡಿ3 ಎಂದು ಸಾಲಾಗಿ ಹೆಸರು, ಅಗಲ, ಎತ್ತರ, ಯಾವ ಮರ, ಯಾವ ಬೀಗ, ಎಷ್ಟು ಬೇಕು. ಡಿ1 ಎಂದರೆ ತಲೆಬಾಗಿಲು: ಮೂರೂವರೆ ಅಡಿ, ತೇಗ, ಹಿತ್ತಾಳೆಯ ಹಿಡಿ, ಅದಕ್ಕೆ ಹೊಸ್ತಿಲು. ಡಿ2 ಮಲಗುವ ಕೋಣೆಯದು: ಮೂರಡಿ, ಚೌಕಟ್ಟು ಮರದ್ದು, ಬಾಗಿಲು ಫ್ಲಶ್ ಡೋರ್. ಡಿ3 ಬಚ್ಚಲಿನದು: ಎರಡೂವರೆ ಅಡಿ, ಒಳಗಡೆ ನೀರು ತಾಗದ ಹಾಗೆ ಲ್ಯಾಮಿನೇಟ್. ದೇವರ ಮನೆಗೆ ಬೇರೆಯೇ ಒಂದು, ಗಂಟೆ ಕಟ್ಟಲು ಕಂಡಿಗಳಿರುವಂಥದು. ಕೊನೆಯಲ್ಲಿ ಡಿ5: ಎರಡಡಿ, ಪಿವಿಸಿ, ಹೊರಗಿನ ಚಿಲಕ. ಅದು ಮೆಟ್ಟಿಲ ಕೆಳಗಿನ 'ಎಸ್. ಟಾಯ್ಲೆಟ್'. ಎಸ್ ಎಂದರೆ ಸರ್ವೆಂಟ್. ಈಗ ಆ ಪದ ಬಿಡಿಸಿ ಬರೆಯಲು ಸಂಕೋಚವಾಗಿ ಅಕ್ಷರವೊಂದೇ ಉಳಿದಿದೆ. ಬಾಗಿಲ ಅಗಲ ಅಷ್ಟೇ ಇದೆ.

ಒಂದು ಮನೆಯಲ್ಲಿ ಯಾರಿಗೆ ಎಷ್ಟು ಎಂಬುದು ಇಷ್ಟು ನಿಚ್ಚಳವಾಗಿ ಬರೆದಿರುವ ಬೇರೆ ಪಠ್ಯ ನನಗೆ ಗೊತ್ತಿಲ್ಲ. ಅದಕ್ಕೊಬ್ಬ ಕರ್ತೃವೂ ಇಲ್ಲ. ಯಾರೂ ಕುಳಿತು ಯೋಚಿಸಿ ಈ ಶ್ರೇಣಿಯನ್ನು ಮಾಡಿದ್ದಲ್ಲ. ಹಳೆಯ ಪ್ರಾಜೆಕ್ಟಿನ ಕೋಷ್ಟಕವನ್ನು ಹೊಸದಕ್ಕೆ ನಕಲು ಮಾಡಿ, ಸಂಖ್ಯೆ ಬದಲಾಯಿಸಿ ಕಳಿಸುತ್ತೇವೆ. ಹೀಗೆ ಯಾರೂ ಬರೆಯದೆಯೇ ಎಲ್ಲರೂ ಬರೆಯುತ್ತಾ ಹೋಗುವ ಪಠ್ಯವನ್ನು ಜಾನಪದದವರು ಬೇರೆ ಸಂದರ್ಭದಲ್ಲಿ ಬೇರೆ ಹೆಸರಿನಿಂದ ಕರೆಯುತ್ತಾರೆ.

ನಕ್ಷೆಯ ಭಾಷೆಯ ಬಗ್ಗೆಯೂ ಒಂದು ಮಾತು. ಆಫೀಸಿನ ನಕ್ಷೆ ಮಿಲಿಮೀಟರಿನಲ್ಲಿರುತ್ತದೆ. ಸೈಟಿನಲ್ಲಿ ಮೇಸ್ತ್ರಿಯ ಟೇಪು, ಬಾಯಿ ಎರಡೂ ಅಡಿ-ಇಂಚಿನಲ್ಲಿ. ನಾವು 230 ಎಂದು ಬರೆದದ್ದು ಅವರಿಗೆ ಒಂಬತ್ತಿಂಚಿನ ಗೋಡೆ, 115 ಎಂದರೆ ನಾಲ್ಕೂವರೆ. ಮನೆ ಕಟ್ಟಿಸುವವರ ಅಳತೆ ಮೂರನೆಯದು: ಚದರ. ತರ್ಟಿ-ಫಾರ್ಟಿ ಸೈಟು ಎಂದರೆ ಹನ್ನೆರಡು ಚದರ, ಚದರಕ್ಕೆ ಎಷ್ಟು ಬೀಳುತ್ತದೆ ಎಂಬುದೇ ಅವರ ಮೊದಲ ಪ್ರಶ್ನೆ. ಒಂದೇ ಗೋಡೆ ಒಂದು ದಿನದಲ್ಲಿ ಮೂರು ಭಾಷೆಗಳಲ್ಲಿ ಓಡಾಡುತ್ತದೆ. ಮಿಲಿಮೀಟರ್ ಕಂಪ್ಯೂಟರಿನದು, ಇಂಚು ಕೈಯದು, ಚದರ ದುಡ್ಡಿನದು. ಅನುವಾದದ ಬಗ್ಗೆ ಸೆಮಿನಾರ್ ಮಾಡುವವರು ಒಮ್ಮೆ ಮೋಲ್ಡ್ ಹಾಕುವ ದಿನ ಸೈಟಿಗೆ ಬರಬೇಕು.

ನಕ್ಷೆಯ ಬಲಬದಿಯಲ್ಲಿ ಸಣ್ಣಕ್ಷರದಲ್ಲಿ ಇಂಗ್ಲಿಷಿನ ಸೂಚನೆಗಳಿರುತ್ತವೆ. ಗೆರೆಯನ್ನು ಅಳೆದು ನೋಡಬೇಡಿ, ಬರೆದ ಅಂಕಿಯನ್ನೇ ಪಾಲಿಸಿ. ಎಲ್ಲ ಅಳತೆಯನ್ನೂ ಸೈಟಿನಲ್ಲಿ ಖಚಿತಪಡಿಸಿಕೊಳ್ಳತಕ್ಕದ್ದು. ವ್ಯತ್ಯಾಸ ಕಂಡರೆ ತಕ್ಷಣ ಆರ್ಕಿಟೆಕ್ಟರ ಗಮನಕ್ಕೆ ತರತಕ್ಕದ್ದು. ಇದರ ವ್ಯಾಕರಣ ನೋಡಿ. ಕರ್ತೃವಿಲ್ಲದ ವಾಕ್ಯಗಳು, ಆಜ್ಞೆಯ ಧಾಟಿ, ಸರ್ಕಾರಿ ಸುತ್ತೋಲೆಯ ಹತ್ತಿರದ ನೆಂಟ. ಇವನ್ನು ಓದಬೇಕಾದ ಮೇಸ್ತ್ರಿಗೆ ಇಂಗ್ಲಿಷು ಬರುವುದಿಲ್ಲ ಎಂಬುದು ಬರೆಯುವವರಿಗೆ ಗೊತ್ತು. ಹಾಗಾದರೆ ಇವು ಯಾರಿಗಾಗಿ? ಮುಂದೊಮ್ಮೆ ಜಗಳ ಬಂದರೆ ಅದನ್ನು ತೀರ್ಮಾನಿಸಲು ಕೂರುವ ಯಾವನೋ ಅಪರಿಚಿತನಿಗಾಗಿ. ಮೇಸ್ತ್ರಿ ನಿಜವಾಗಿ ಓದುವುದು ಗೆರೆಗಳನ್ನು. ಗೆರೆಯಲ್ಲಿ ಇಲ್ಲದ್ದನ್ನು ಅವರು ಫೋನು ಮಾಡಿ ಕೇಳುತ್ತಾರೆ, ಅಥವಾ ಹೋದ ಮನೆಯಲ್ಲಿ ಮಾಡಿದ ಹಾಗೇ ಮಾಡುತ್ತಾರೆ.

ಇಷ್ಟು ತಲೆಯಲ್ಲಿಟ್ಟುಕೊಂಡು ಕಾಲೇಜಿನ ಪುಸ್ತಕಗಳಿಗೆ ಮರಳಿದೆ. ಆರ್ಕಿಟೆಕ್ಚರ್ ವಿದ್ಯಾರ್ಥಿಗಳ ಪಾಲಿನ ಗೀತೆ ಎನ್ನಬಹುದಾದ ಪುಸ್ತಕ ಜಪಾನಿನ ಜುನಿಚಿರೋ ತಾನಿಜಾಕಿ 1933ರಲ್ಲಿ ಬರೆದ ನೆರಳಿನ ಸ್ತುತಿ. ಮೊದಲ ಸೆಮಿಸ್ಟರಿನಲ್ಲೇ ಅದರ ಜೆರಾಕ್ಸು ಕೈಗೆ ಬರುತ್ತದೆ. ಕತ್ತಲಲ್ಲಿ ಮಿನುಗುವ ಅರಗಿನ ಬಟ್ಟಲು, ಕಾಗದದ ಪರದೆಯಲ್ಲಿ ಸೋಸಿ ಬರುವ ಬೆಳಕು ಇತ್ಯಾದಿ ಪುಟಗಳಿಗೆ ಎಲ್ಲರೂ ಅಡಿಗೆರೆ ಎಳೆಯುತ್ತಾರೆ. ಆದರೆ ಆ ಪ್ರಬಂಧ ಶುರುವಾಗುವುದು ನೆರಳಿನಿಂದಲ್ಲ. ಹಳೆಯ ಧಾಟಿಯ ಮನೆ ಕಟ್ಟಿಸಹೊರಟ ಮನುಷ್ಯ ಕರೆಂಟಿನ ವೈರು, ಗ್ಯಾಸಿನ ಪೈಪು, ಟೆಲಿಫೋನುಗಳನ್ನು ಎಲ್ಲಿ ಬಚ್ಚಿಡುವುದು ಎಂದು ಪಡುವ ಪಾಡಿನಿಂದ ಅದು ಶುರುವಾಗುತ್ತದೆ. ಅಲ್ಲಿಂದ ನೇರ ಹೋಗುವುದು ಕಕ್ಕಸಿಗೆ. ಬಿಳಿ ಟೈಲ್ಸು ಹಾಕಬೇಕೋ ಮರ ಹಾಕಬೇಕೋ ಎಂಬ ಚಿಂತೆ, ಖರ್ಚಿನ ಲೆಕ್ಕ, ಕೊನೆಗೊಂದು ರಾಜಿ. ನೆರಳಿನ ಮಾತು ಬರುವುದು ಇಷ್ಟೆಲ್ಲ ಆದ ಮೇಲೆ.

ನಮ್ಮ ಓದಿನಲ್ಲಿ ಈ ಮೊದಲ ಪುಟಗಳು ಪೀಠಿಕೆಯ ಹಾಸ್ಯವಾಗಿ ಜಾರಿಹೋಗುತ್ತವೆ. ನನಗೀಗ ಅವೇ ಪ್ರಬಂಧದ ಬೆನ್ನೆಲುಬು ಅನ್ನಿಸುತ್ತದೆ. ವೈರು ಎಳೆಯಬೇಕಾದ ಮನುಷ್ಯನಿಗೆ ಮಾತ್ರ ನೆರಳು ಕಳೆದುಹೋಗುತ್ತಿರುವುದು ಕಾಣುತ್ತದೆ. ಅದರ ಇಂಗ್ಲಿಷ್ ಅನುವಾದದ ಹಿನ್ನುಡಿಯಲ್ಲಿ ಒಂದು ಪ್ರಸಂಗ ಬರುತ್ತದೆ. ತಾನಿಜಾಕಿಗೆ ಮನೆ ಕಟ್ಟಿಕೊಡಲು ಬಂದ ಆರ್ಕಿಟೆಕ್ಟ್, ನಿಮ್ಮ ಪುಸ್ತಕ ಓದಿದ್ದೇನೆ, ನಿಮಗೇನು ಬೇಕೆಂದು ಗೊತ್ತು ಎಂದನಂತೆ. ಅಂಥ ಮನೆಯಲ್ಲಿ ನನ್ನಿಂದ ಇರಲಿಕ್ಕಾಗದು ಎಂದು ತಾನಿಜಾಕಿ ಉತ್ತರಿಸಿದರಂತೆ. ಕ್ಲಾಸಿನಲ್ಲಿ ಇದನ್ನು ನಗಲು ಹೇಳುತ್ತಿದ್ದರು. ಮನೆ ಕಟ್ಟಿಸುವವರ ಜೊತೆ ಒಂದು ವರ್ಷ ಕೂತೆದ್ದ ಮೇಲೆ ಇದರಲ್ಲಿ ನಗುವಂಥದ್ದು ಅಷ್ಟಿಲ್ಲ. ಮನುಷ್ಯ ಮೆಚ್ಚುವ ಮನೆ ಬೇರೆ, ಇರುವ ಮನೆ ಬೇರೆ, ಮತ್ತು ಎರಡೂ ನಿಜ.

ನೆರಳು, ಬೆಳಕು ಎಂದ ಕೂಡಲೇ ಅಹಮದಾಬಾದಿನ ಐಐಎಂ ನೆನಪಾಗುತ್ತದೆ. ಅಮೆರಿಕದ ಲೂಯಿ ಕಾನ್ 1962ರಲ್ಲಿ ಒಪ್ಪಿಕೊಂಡ ಕೆಲಸ ಅದು. ಬಾಲಕೃಷ್ಣ ದೋಶಿ ಅವರನ್ನು ಕರೆತಂದರು. (ದೋಶಿಯವರದೇ ಆದ ಬೆಂಗಳೂರಿನ ಐಐಎಂ ನಮ್ಮವರಿಗೆ '3 ಈಡಿಯಟ್ಸ್' ಸಿನಿಮಾದ ಕಾಲೇಜಾಗಿಯೇ ಹೆಚ್ಚು ಗೊತ್ತು.) 1974ರ ಮಾರ್ಚಿನಲ್ಲಿ ಅಹಮದಾಬಾದಿನಿಂದ ಹಿಂತಿರುಗುವಾಗಲೇ ನ್ಯೂಯಾರ್ಕಿನ ರೈಲ್ವೆ ನಿಲ್ದಾಣದಲ್ಲಿ ಕಾನ್ ತೀರಿಕೊಂಡರು. ಆ ಕೆಂಪಿಟ್ಟಿಗೆಯ ದೊಡ್ಡ ವೃತ್ತಗಳು, ಕಮಾನುಗಳು, ಅವುಗಳ ಒಳಗಿನ ತಂಪು ಕತ್ತಲೆ ಯಾವ ಪಠ್ಯಪುಸ್ತಕದಲ್ಲೂ ತಪ್ಪುವುದಿಲ್ಲ. 2020ರ ಡಿಸೆಂಬರಿನಲ್ಲಿ ಸಂಸ್ಥೆ ಅಲ್ಲಿನ 18 ವಿದ್ಯಾರ್ಥಿನಿಲಯಗಳಲ್ಲಿ 14ನ್ನು ಕೆಡವಿ ಹೊಸದಾಗಿ ಕಟ್ಟುವುದಾಗಿ ಹೇಳಿತು. ಜಗತ್ತಿನೆಲ್ಲೆಡೆಯಿಂದ ಪ್ರತಿಭಟನೆ ಬಂತು. 2021ರ ಜನವರಿ 1ರಂದು ಆ ಪ್ರಸ್ತಾವವನ್ನು ಹಿಂದೆಗೆದುಕೊಂಡಿತು. ಮತ್ತೆ 2022ರಲ್ಲಿ ಮಾತು ಬದಲಾಯಿತು.

ಆಗ ನಾನು ವಿದ್ಯಾರ್ಥಿ. ನಾವೆಲ್ಲ ಅರ್ಜಿಗೆ ಸಹಿ ಹಾಕಿದೆವು, ಈಗ ಕೇಳಿದರೂ ಹಾಕುತ್ತೇನೆ. ಆದರೆ ಆಗ ಬಂದ ಬರಹಗಳನ್ನು ಈಚೆಗೆ ಮತ್ತೆ ಓದಿದಾಗ ಒಂದು ವಿಚಿತ್ರ ಕಂಡಿತು. ಸಂಸ್ಥೆ ಹೇಳುತ್ತಿದ್ದದ್ದು ಇಟ್ಟಿಗೆಯ ಗುಣಮಟ್ಟ, ನೀರು ಸೋರುವುದು, 2001ರ ಭೂಕಂಪದ ಪೆಟ್ಟು, ಉದುರುವ ಚೂರು. ವಿಮರ್ಶಕರು ಹೇಳುತ್ತಿದ್ದದ್ದು ಬೆಳಕು, ಮೌನ, ಇಟ್ಟಿಗೆಯ ಆತ್ಮ. ಎರಡೂ ಕಡೆಯವರು ಒಂದೇ ಗೋಡೆಯ ಬಗ್ಗೆ ಮಾತಾಡುತ್ತಿದ್ದರು, ಒಬ್ಬರಿಗೊಬ್ಬರು ಉತ್ತರ ಕೊಡುತ್ತಿರಲಿಲ್ಲ. ಹೀಗೆ ಸೋರುವ ಗೋಡೆಯನ್ನು ಉಳಿಸಿಕೊಳ್ಳುವುದು ಹೇಗೆಂದು ಬಲ್ಲ ಸಂರಕ್ಷಣೆಯ ತಜ್ಞರು ಅದೇ ಆವರಣದ ಗ್ರಂಥಾಲಯವನ್ನು ದುರಸ್ತಿ ಮಾಡಿ ತೋರಿಸಿದ್ದರು. ಅವರ ಮಾತಿಗೆ ಲೇಖನಗಳಲ್ಲಿ ಸಿಕ್ಕಿದ್ದು ಒಂದೋ ಎರಡೋ ಸಾಲು. ಕಟ್ಟಡವನ್ನು ನಿಜವಾಗಿ ಕಾಪಾಡಬಹುದಾಗಿದ್ದ ವಿಮರ್ಶೆ ಅದೇ ಆಗಿತ್ತು.

ಸಜ್ಜದ ಅಡಿಯಲ್ಲಿ, ಅಂಚಿನಿಂದ ಒಂದೆರಡು ಇಂಚು ಒಳಗೆ, ಉದ್ದಕ್ಕೂ ಒಂದು ಸಣ್ಣ ಗೀರು ತೆಗೆಯುತ್ತಾರೆ. ಡ್ರಿಪ್ ಎನ್ನುತ್ತೇವೆ. ಮಳೆನೀರು ಅಂಚಿಗೆ ಬಂದಾಗ ಅಲ್ಲೇ ಬೀಳುವುದಿಲ್ಲ. ಕಾಂಕ್ರೀಟಿಗೆ ಅಂಟಿಕೊಂಡು ಅಡಿಮೈಯಲ್ಲಿ ತೆವಳಿ ಗೋಡೆಯವರೆಗೂ ಬಂದುಬಿಡುತ್ತದೆ. ಗೀರು ಸಿಕ್ಕಾಗ ದಾರಿ ತಪ್ಪಿ ತೊಟ್ಟಾಗಿ ಕೆಳಗೆ ಬೀಳುತ್ತದೆ. ಬೆರಳು ಗಾತ್ರದ ಈ ಗೀರು ಇಲ್ಲದಿದ್ದರೆ ಎರಡೇ ಮಳೆಗಾಲದಲ್ಲಿ ಕಿಟಕಿಯ ಮೇಲಿನ ಗೋಡೆ ಕಪ್ಪಾಗುತ್ತದೆ. ಬೆಂಗಳೂರಿನಲ್ಲಿ ಯಾವ ಬೀದಿಯಲ್ಲಾದರೂ ತಲೆಯೆತ್ತಿ ನಡೆಯಿರಿ, ಯಾವ ಮನೆಯಲ್ಲಿ ಗೀರಿದೆ ಯಾವುದರಲ್ಲಿಲ್ಲ ಎಂದು ಕೆಳಗಿನಿಂದಲೇ ಓದಬಹುದು. ಫೋಟೋದಲ್ಲಿ ಇದು ಬರುವುದಿಲ್ಲ, ಏಕೆಂದರೆ ಕಟ್ಟಡಗಳ ಫೋಟೋ ತೆಗೆಯುವುದು ಅವು ಮೊದಲ ಮಳೆ ಕಾಣುವ ಮುಂಚೆ.

ಇಂಥ ಗೀರಿನ ಬಗ್ಗೆ ಬರೆದೂ ಸಾಹಿತ್ಯವಾಗಬಹುದೇ? ಆಗಬಹುದು ಎನ್ನಲು ನನ್ನ ಬಳಿ ಒಂದು ಸಾಕ್ಷಿಯಿದೆ: ಲಾರಿ ಬೇಕರ್ ಬರೆದ ಪುಸ್ತಿಕೆಗಳು. 1917ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿ, ಹಿಮಾಲಯದ ಪಿಥೋರಗಢದಲ್ಲಿ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಇದ್ದು, ಆಮೇಲೆ ಕೇರಳಕ್ಕೆ ಬಂದು, ಭಾರತದ ಪ್ರಜೆಯಾಗಿ, 2007ರಲ್ಲಿ ತಿರುವನಂತಪುರದಲ್ಲಿ ತೀರಿಕೊಂಡ ಬೇಕರ್ ಬಗ್ಗೆ ಕಾಲೇಜಿನಲ್ಲಿ ಹೇಳುವುದು 'ಕಡಿಮೆ ಖರ್ಚಿನ ಮನೆ', 'ಗಾಂಧಿ', 'ಇಟ್ಟಿಗೆಯ ಜಾಲಿ' ಎಂಬ ಮೂರು ಮಾತು. ಅವರ ಪುಸ್ತಿಕೆಗಳನ್ನು ಬರಹವಾಗಿ ಓದಿಸುವುದಿಲ್ಲ. ಅವು ಅಚ್ಚಿನ ಅಕ್ಷರದಲ್ಲಿಲ್ಲ, ಬೇಕರ್ ಅವರದೇ ಕೈಬರಹದಲ್ಲಿವೆ, ಪ್ರತಿ ಪುಟದಲ್ಲೂ ಅವರೇ ಬರೆದ ಚಿತ್ರ. ಹೀಗೆ ಮಾಡುತ್ತೀರಿ, ಯಾಕೆ, ಹೀಗೂ ಮಾಡಬಹುದಲ್ಲ ಎಂಬ ಧಾಟಿ.

ಒಂದು ಉದಾಹರಣೆ ಹೇಳುತ್ತೇನೆ. ಪಾಯ ಅಗೆಯುವಾಗ ಮಣ್ಣನ್ನು ಕಂದಕದ ಹೊರಗಡೆಗೆ ಎಸೆಯುತ್ತಾರೆ. ಪಾಯದ ಗೋಡೆ ಎದ್ದ ಮೇಲೆ ಅದೇ ಮಣ್ಣನ್ನು ಪುಟ್ಟಿಯಲ್ಲಿ ಹೊತ್ತು ಒಳಗೆ ತಂದು ತುಂಬುತ್ತಾರೆ. ಮೊದಲೇ ಒಳಗಡೆಗೆ ಎಸೆದರೆ ಆಗದೇ ಎಂದು ಬೇಕರ್ ಕೇಳುತ್ತಾರೆ. ಅಷ್ಟೇ. ಇದರಲ್ಲಿ ಸಿದ್ಧಾಂತವಿಲ್ಲ, ಆದರೆ ಇದನ್ನು ಬರೆಯಬೇಕಾದರೆ ಬರೆದವನು ಕಂದಕದ ಪಕ್ಕ ನಿಂತು, ಆ ಮಣ್ಣನ್ನು ಎರಡು ಸಲ ಹೊತ್ತವಳು ಯಾರೆಂದು ನೋಡಿರಬೇಕು. ಒಂಬತ್ತಿಂಚಿನ ಗೋಡೆಯಲ್ಲಿ ಇಟ್ಟಿಗೆಯನ್ನು ಮಲಗಿಸದೆ ಮಗ್ಗುಲಾಗಿ ನಿಲ್ಲಿಸಿ, ನಡುವೆ ಪೊಳ್ಳು ಬಿಟ್ಟು ಕಟ್ಟುವ 'ರ‍್ಯಾಟ್ ಟ್ರ್ಯಾಪ್' ವಿಧಾನದಲ್ಲಿ ಇಟ್ಟಿಗೆ ಸುಮಾರು ಕಾಲುಭಾಗ ಉಳಿಯುತ್ತದೆ, ಒಳಗಿನ ಗಾಳಿಯಿಂದ ಮನೆ ತಂಪಾಗಿಯೂ ಇರುತ್ತದೆ. ಅದೇ ಅಗಲದ ಗೋಡೆಗಿಂತ ಕಿಟಕಿ ಹಲವು ಪಟ್ಟು ದುಬಾರಿ ಎಂದು ಲೆಕ್ಕ ಹೇಳಿ, ಈ ಕಿಟಕಿ ನೋಡಲಿಕ್ಕೋ, ಗಾಳಿಗೋ, ಬೆಳಕಿಗೋ ಎಂದು ಅವರು ಕೇಳುತ್ತಾರೆ. ಗಾಳಿ ಬೆಳಕಿಗೇ ಆದರೆ ಜಾಲಿ ಸಾಕು. ನೋಡಲಿಕ್ಕಾದರೆ ಒಂದೇ ಹಲಗೆ, ಮೇಲೊಂದು ಕುಳಿ ಕೆಳಗೊಂದು ಕುಳಿ, ಅದರಲ್ಲಿ ತಿರುಗುವ ಹಾಗೆ. ಚೌಕಟ್ಟೂ ಬೇಡ, ಕೀಲೂ ಬೇಡ.

ಈ ಗದ್ಯದಲ್ಲಿ ನನಗೆ ಹಿಡಿಸುವುದು ಅದು ಓದುಗನನ್ನು ನಂಬುವ ರೀತಿ. ನಮ್ಮ ನಕ್ಷೆಯ 'ತಕ್ಕದ್ದು' ಇಲ್ಲಿ ಒಂದೂ ಇಲ್ಲ. ಆದರೂ ಬೇಕರನ್ನು ಪೂಜಿಸುವವರ ಸಾಲಿನಲ್ಲಿ ನಿಲ್ಲಲಾರೆ. ಅವರ ಕ್ರಮಕ್ಕೆ ಬೇಕಾದದ್ದು ದಿನವೂ ಸೈಟಿನಲ್ಲಿ ನಿಂತು, ಕೈಗೆ ಸಿಕ್ಕ ಕಾಗದದ ಮೇಲೆ ಬರೆದು, ಅಲ್ಲೇ ತಿದ್ದುವ ಮನುಷ್ಯ. ಒಟ್ಟಿಗೆ ಹತ್ತು ಕೆಲಸ ಹಿಡಿದ ಆಫೀಸಿಗೆ ಅದು ಆಗದ ಮಾತು, ಹತ್ತು ಹಿಡಿಯದ ಆಫೀಸು ಬಾಡಿಗೆ ಕಟ್ಟಲಾರದು. ಪುಸ್ತಿಕೆಗಳಲ್ಲಿ ಮನೆ ಕಟ್ಟಿಸುವವನಿಗೆ ಬುದ್ಧಿಮಾತಿದೆ, ಎಂಜಿನಿಯರಿಗೆ ತಿವಿತವಿದೆ, ಗಾರೆಯವನ ಮಾತು ಮಾತ್ರ ಎಲ್ಲೂ ಕೇಳುವುದಿಲ್ಲ. ಮತ್ತು ಬೆಂಗಳೂರಿನಲ್ಲಿ ಬೇಕರ್ ಏನಾಗಿದ್ದಾರೆ ಎಂದರೆ, ಸಿಮೆಂಟು ಹಚ್ಚದ ಇಟ್ಟಿಗೆಯ ಗೋಡೆ ಈಗೊಂದು ರುಚಿ. ಕಾಂಕ್ರೀಟಿನ ಚೌಕಟ್ಟು ಮೊದಲು ನಿಲ್ಲಿಸಿ, ಗೋಡೆಗೆ ಇಟ್ಟಿಗೆಯ ತೆಳು ಬಿಲ್ಲೆ ಅಂಟಿಸುವ ಮನೆಗಳ ನಕ್ಷೆ ನಾನೇ ಬಿಡಿಸಿದ್ದೇನೆ. ಖರ್ಚು ಉಳಿಸಲು ಹುಟ್ಟಿದ ಗೋಡೆಗೆ ಸಾದಾ ಗಾರೆಯ ಗೋಡೆಗಿಂತ ಹೆಚ್ಚು ಖರ್ಚಾಗುತ್ತದೆ. ಚಳವಳಿಯ ಕವಿತೆ ಮದುವೆಯ ಆರ್ಕೆಸ್ಟ್ರಾದಲ್ಲಿ ಹಾಡಾದ ಹಾಗೆ.

ಇನ್ನು ಕಾದಂಬರಿ. ಆಫೀಸಿನಲ್ಲಿ ಮನೆ ಕಟ್ಟಿಸುವವರು ನಕ್ಷೆ ನೋಡಿ ಮೊದಲು ಬೆರಳಿಡುವುದು ಪ್ಯಾಸೇಜಿನ ಮೇಲೆ. "ಇದು ವೇಸ್ಟ್ ಅಲ್ವಾ ಮೇಡಂ? ಇಷ್ಟು ಜಾಗ ಬರೀ ಓಡಾಡೋದಕ್ಕಾ?" ತರ್ಟಿ-ಫಾರ್ಟಿಯಲ್ಲಿ ಅವರ ಮಾತು ಸರಿಯೇ. ಆದರೆ ಪ್ಯಾಸೇಜು ತೆಗೆದರೆ ಒಂದು ಕೋಣೆಗೆ ಹೋಗಲು ಇನ್ನೊಂದನ್ನು ಹಾಯಬೇಕು. ರಾಬಿನ್ ಎವನ್ಸ್ ಎಂಬ ಇಂಗ್ಲೆಂಡಿನ ವಿಮರ್ಶಕ 1978ರಲ್ಲಿ ಬಾಗಿಲು ಮತ್ತು ಪ್ಯಾಸೇಜುಗಳ ಬಗ್ಗೆಯೇ ಒಂದು ಪ್ರಬಂಧ ಬರೆದರು. ಇಟಲಿಯ ಹಳೆಯ ಅರಮನೆಗಳಲ್ಲಿ ಪ್ರತಿ ಕೋಣೆಗೂ ಹಲವು ಬಾಗಿಲು, ಎಲ್ಲ ಕೋಣೆಯೂ ಇನ್ನೊಂದಕ್ಕೆ ದಾರಿ, ಮನೆಯವರೂ ಆಳುಗಳೂ ಬಂದವರೂ ಒಬ್ಬರಿಗೊಬ್ಬರು ಎದುರಾಗುತ್ತಲೇ ಇರುತ್ತಾರೆ. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಪ್ಯಾಸೇಜು ಬಂತು, ಜೊತೆಗೆ ಹಿಂಬದಿಯ ಮೆಟ್ಟಿಲು. ಆಳುಗಳು ಯಜಮಾನರ ಕಣ್ಣಿಗೆ ಬೀಳದೆ ಕೆಲಸ ಮುಗಿಸುವ ವ್ಯವಸ್ಥೆಯಾಯಿತು. ಏಕಾಂತ ಎಂದು ನಾವು ಕರೆಯುವುದರ ಒಂದು ತುದಿ ಅಲ್ಲಿದೆ ಎಂಬುದು ಎವನ್ಸ್ ವಾದ.

ಇದನ್ನು ಓದಿದ ವಾರವೇ ವಿವೇಕ ಶಾನಭಾಗರ 'ಘಾಚರ್ ಘೋಚರ್' ಮತ್ತೆ ತೆಗೆದೆ. ಆ ಕಾದಂಬರಿಯನ್ನು ದುಡ್ಡು ಸಂಬಂಧಗಳನ್ನು ಕೆಡಿಸುವ ಕಥೆಯೆಂದು ಎಲ್ಲರೂ ಓದಿದ್ದೇವೆ. ನನ್ನ ಈಗಿನ ಕಣ್ಣಿಗೆ ಅದು ಎರಡು ನಕ್ಷೆಗಳ ಕಥೆ. ಹಳೆಯ ಮನೆಯಲ್ಲಿ ಕೋಣೆಗಳು ರೈಲಿನ ಡಬ್ಬಿಗಳ ಹಾಗೆ ಒಂದರ ಹಿಂದೊಂದು. ಪ್ಯಾಸೇಜಿಲ್ಲ. ಇರುವೆ ಬಂದರೆ ಎಲ್ಲರ ಮನೆಗೂ ಬಂದ ಹಾಗೆ, ಅಪ್ಪನ ಲೆಕ್ಕ ತಪ್ಪಿದರೆ ಎಲ್ಲರ ಎದೆಯಲ್ಲೂ ಡವಡವ. ಅಲ್ಲಿ ಗುಟ್ಟು ಇಟ್ಟುಕೊಳ್ಳಲು ಜಾಗವೇ ಇಲ್ಲ. ಮಸಾಲೆಯ ವ್ಯಾಪಾರ ಹತ್ತಿ ಹೊಸ ದೊಡ್ಡ ಮನೆಗೆ ಬಂದಾಗ ಪ್ರತಿಯೊಬ್ಬರಿಗೂ ಬೇರೆ ಕೋಣೆ, ಬೇರೆ ಬಾಗಿಲು. ಆದರೆ ಹಳೆಯ ಮನೆಯಲ್ಲಿ ರೂಢಿಯಾದ 'ನಾವೆಲ್ಲ ಒಂದು' ಎಂಬ ಅಭ್ಯಾಸ ಮಾತ್ರ ಜೊತೆಯಲ್ಲೇ ಬಂದಿದೆ. ಮುಚ್ಚಿದ ಬಾಗಿಲುಗಳ ಮನೆಯಲ್ಲಿ ಆ ಒಗ್ಗಟ್ಟು ಬೇರೇನೋ ಆಗಿ ತಿರುಗುತ್ತದೆ. ಹೊರಗಿನಿಂದ ಬಂದ ಸೊಸೆ ಅನಿತಾ ಈ ಮನೆಯಲ್ಲಿ ಎಲ್ಲಿ ನಿಲ್ಲಬೇಕೆಂಬುದನ್ನು ಯಾವ ನಕ್ಷೆಯೂ ಹೇಳುವುದಿಲ್ಲ. ಶಾನಭಾಗರು ಮನೆಯ ವರ್ಣನೆಗೆ ಹೆಚ್ಚು ಸಾಲು ಖರ್ಚು ಮಾಡಿಲ್ಲ. ಓಡಾಟದಲ್ಲೇ ಗೋಡೆಗಳು ಎಲ್ಲಿವೆಯೆಂದು ಗೊತ್ತಾಗುತ್ತದೆ. ನಮ್ಮ ಬಹಳಷ್ಟು ಕಾದಂಬರಿಗಳಲ್ಲಿ ಮನೆ ಎಂದರೆ ಕಂಬಗಳ ಎಣಿಕೆ ಮತ್ತು ಅಜ್ಜಿಯ ನೆನಪು, ಇಲ್ಲಿ ಹಾಗಿಲ್ಲ.

ಅಜ್ಜಿಯ ನೆನಪು ಎಂದಾಗ ತೊಟ್ಟಿ ಮನೆಯ ಮಾತೂ ಬರುತ್ತದೆ. ಆಫೀಸಿಗೆ ಬರುವ ಅರ್ಧಕ್ಕರ್ಧ ಜನ "ಮಧ್ಯದಲ್ಲೊಂದು ತೊಟ್ಟಿ ಬರೋ ಹಾಗೆ ಮಾಡಿ" ಎನ್ನುತ್ತಾರೆ. ಮಳೆ ಒಳಗೆ ಬೀಳುವ, ಸುತ್ತಲೂ ಪಡಸಾಲೆಯಿರುವ ಆ ಮನೆ ಸುಂದರವೇ. ಆದರೆ ಅದರ ನಕ್ಷೆಯನ್ನು ಬೀದಿಯಿಂದ ಒಳಗೆ ಓದಿಕೊಂಡು ಹೋಗಿ: ಯಾರು ಜಗಲಿಯ ಕೆಳಗೆ, ಯಾರು ಜಗಲಿಯ ಮೇಲೆ, ಯಾರು ನಡುಮನೆಯವರೆಗೆ, ಯಾರಿಗೆ ಅಡುಗೆಮನೆ, ತಿಂಗಳಿಗೆ ಮೂರು ದಿನ ಯಾರಿಗೆ ಯಾವ ಮೂಲೆ. ಪ್ರತಿ ಹೊಸ್ತಿಲೂ ಒಂದು ವಾಕ್ಯ. ಊರಿನ ನಕ್ಷೆಯಲ್ಲೂ ಇದೇ ವ್ಯಾಕರಣವಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬೆಂಗಳೂರಿನಲ್ಲಿ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳನ್ನು ಮಾಡಿದಾಗ ಮನೆಸಾಲುಗಳ ಬೆನ್ನಿಗೆ ಸಪೂರ ಓಣಿಗಳನ್ನು ಬಿಟ್ಟರು. ಕಕ್ಕಸು ಬಾಚುವವರು ಮುಂಬಾಗಿಲಿಗೆ ಬಾರದೆ ಹಿಂದಿನಿಂದ ಬಂದು ಹಿಂದಿನಿಂದಲೇ ಹೋಗಲಿ ಎಂದು. ಆರೋಗ್ಯಕ್ಕಾಗಿ ಮಾಡಿದ ಆಧುನಿಕ ನಕ್ಷೆ ಅದು, ಮಾದರಿ ಬಡಾವಣೆ ಎಂದು ಹೊಗಳಿಸಿಕೊಂಡದ್ದು. ಮಲ್ಲೇಶ್ವರದಲ್ಲಿ ಈಚೆಗೆ ಇಂಥ ಓಣಿಗಳನ್ನು ಶುಚಿ ಮಾಡಿ, ಗೋಡೆಗೆ ಬಣ್ಣ ಬಳಿದು, ನಡೆದಾಡುವ ದಾರಿ ಮಾಡಿದ್ದಾರೆ. ಒಳ್ಳೆಯ ಕೆಲಸ. ಚಿತ್ರಗಳೂ ಚೆನ್ನಾಗಿವೆ. ಓಣಿ ಯಾಕಿತ್ತು ಎಂಬುದು ಮಾತ್ರ ಗೋಡೆಯ ಮೇಲೆ ನನಗೆಲ್ಲೂ ಕಾಣಲಿಲ್ಲ.

ನನ್ನ ಕೋಷ್ಟಕದ ಡಿ5 ಬಾಗಿಲು ಆ ಓಣಿಯ ಮೊಮ್ಮಗು. ಹೋದ ತಿಂಗಳು ಒಂದು ಸೈಟಿನಲ್ಲಿ ಅದರ ಎದುರು ನಿಂತಿದ್ದೆವು, ಮೇಸ್ತ್ರಿ, ನಾನು, ಮನೆಯ ಯಜಮಾನಿ. ಮೆಟ್ಟಿಲ ಕೆಳಗೆ, ಪಂಪಿನ ಪಕ್ಕ, ಮೂರಡಿಯ ಸೆಟ್‌ಬ್ಯಾಕಿಗೆ ಮುಖ ಮಾಡಿಕೊಂಡ ಜಾಗ.

"ಮೇಡಂ, ಈ ಬಾಗ್ಲು ಒಳಕ್ಕಾ ಹೊರಕ್ಕಾ?" ಎಂದರು ಮೇಸ್ತ್ರಿ. ನಕ್ಷೆಯಲ್ಲಿ ಒಳಕ್ಕೆ ಇತ್ತು, ಹಳೆಯ ಪ್ರಾಜೆಕ್ಟಿನಿಂದ ಹಾಗೇ ಬಂದದ್ದು. ಅವರು ಒಳಗೆ ಹೋಗಿ, ಬಾಗಿಲು ಮುಚ್ಚುವವರ ಹಾಗೆ ತಿರುಗಿ ತೋರಿಸಿದರು. ಒಳಕ್ಕೆ ತೆರೆದರೆ ಅದನ್ನು ಮುಚ್ಚಲು ಕಮೋಡಿನ ಮೇಲೆ ಹತ್ತಿ ನಿಲ್ಲಬೇಕು. ಹೊರಕ್ಕೆ ತೆರೆದರೆ ಸೆಟ್‌ಬ್ಯಾಕಿನ ಮುಕ್ಕಾಲು ದಾರಿ ಕಟ್ಟುತ್ತದೆ. "ನಮ್ ಹೆಂಗಸ್ರು ಬೇರೆ ಮನೆಗಳಲ್ಲಿ ಕೆಲಸ ಮಾಡ್ತಾರಲ್ಲ, ನೀರು ಕುಡಿಯೋದನ್ನೇ ಬಿಟ್ಟಿರ್ತಾರೆ ಮೇಡಂ" ಎಂದು ಯಾರನ್ನೂ ನೋಡದೆ ಹೇಳಿದರು. ಯಜಮಾನಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಪಂಪ್ ಆ ಕಡೆ ಹೋಗುತ್ತಾ?" ಎಂದು ಕೇಳಿದರು.

ಪಂಪು ಹೋಯಿತು. ಬಾಗಿಲು ಎರಡೂವರೆ ಅಡಿಯಾಗಿ, ಈಗ ಪಕ್ಕಕ್ಕೆ ಸರಿಯುತ್ತದೆ. ಚಿಲಕ ಒಳಗಡೆಗೆ ಬಂದಿದೆ. ಕಿಟಕಿಗೆ ಜಾಗ ಸಿಗಲಿಲ್ಲ. ಮೇಲೆ ನಾಲ್ಕು ಇಟ್ಟಿಗೆ ಬಿಟ್ಟು ಜಾಲಿ ಮಾಡಿದ್ದೇವೆ.